ಝೂಬ್ಯಾಂಕ್ ನೋಂದಣಿ: ಹೊಸ ಅಣಬೆ ನೊಣಕ್ಕೆ ಹೆಸರಿಡುವವರು ನೋಡಿಕೊಳ್ಳಬೇಕಾದ್ದು

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾದ ಮಾತ್ರಕ್ಕೆ ಜಮೀನು ತಕರಾರಿಲ್ಲದೆ ನಮ್ಮದಾಗುವುದಿಲ್ಲ. ಅಲ್ಲಿ ಪತ್ರ ದಾಖಲಾಗುತ್ತದೆ, ಒಂದು ಸಂಖ್ಯೆ ಬೀಳುತ್ತದೆ. ಮಾರಿದವರಿಗೆ ಹಕ್ಕಿತ್ತೇ, ಚಕ್ಕುಬಂದಿ ಸರಿಯಿದೆಯೇ ಎಂದು ನೋಡಿಕೊಳ್ಳುವುದು ಕೊಂಡವರ ಪಾಡು. ಪ್ರಾಣಿಗಳ ವೈಜ್ಞಾನಿಕ ಹೆಸರುಗಳಿಗೆ ಝೂಬ್ಯಾಂಕ್ ಕೂಡ ಇಂಥದೇ ಒಂದು ನೋಂದಣಿ ಕಚೇರಿ. ಹೊಸ ಪ್ರಭೇದ ಸಿಕ್ಕವರಲ್ಲಿ ಕೆಲವರು ಇದನ್ನು ತೀರ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಇನ್ನು ಕೆಲವರು ಇಲ್ಲಿ ಸಂಖ್ಯೆ ಸಿಕ್ಕಿತೆಂದರೆ ಹೆಸರು ಪಾಸಾಯಿತು ಎಂದುಕೊಳ್ಳುತ್ತಾರೆ. ಎರಡೂ ಕಷ್ಟಕ್ಕೆ ದಾರಿ.

ಸೇವೆಯ ಪರಿಚಯ ಚಿಕ್ಕದಾಗಿ. ಪ್ರಾಣಿಗಳ ಹೆಸರಿನ ನಿಯಮಗಳನ್ನು ನೋಡಿಕೊಳ್ಳುವ ಅಂತಾರಾಷ್ಟ್ರೀಯ ಆಯೋಗದ ಅಧಿಕೃತ ದಾಖಲೆ ಪುಸ್ತಕ ಇದು. ಪ್ರಾಣಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿಯ ಲೆಕ್ಕ 1758ರಿಂದ ಶುರು. ಅದಕ್ಕೆ 250 ವರ್ಷ ತುಂಬಿದ 2008ರ ಜನವರಿ 1ರಂದು ಝೂಬ್ಯಾಂಕ್ ಬಾಗಿಲು ತೆರೆಯಿತು. ಮೊದಲು ದಾಖಲಾದದ್ದು ಪೆಸಿಫಿಕ್ ಸಾಗರದ ಪಲಾವು ದ್ವೀಪಗಳ ಆಳದ ಹವಳದಿಬ್ಬದ ಮೀನು, ಕ್ರೋಮಿಸ್ ಅಬಿಸಸ್. ಖಾತೆ ತೆರೆಯಲು ದುಡ್ಡಿಲ್ಲ, ನೋಂದಣಿಗೂ ದುಡ್ಡಿಲ್ಲ. ಕೈಯಲ್ಲಿ ವಿವರ ಸಿದ್ಧವಿದ್ದರೆ ಒಂದು ಲೇಖನ, ಒಂದು ಹೆಸರು ಸೇರಿಸಲು ಚಹಾ ಆರುವಷ್ಟು ಹೊತ್ತು ಸಾಕು. ವಿವರ ಸಿದ್ಧವಿಲ್ಲದೆ ಕೂತರೆ ಅರ್ಧ ದಿನ ಹೋಗುತ್ತದೆ. ನಮ್ಮ ಅಂಕ ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಯಾಕೆಂಬುದು ಮುಂದೆ ಬರುತ್ತದೆ.

ಅಣಬೆ, ಕೊಳೆತ ಎಲೆಗಳಲ್ಲಿ ಮರಿಹುಳು ಬೆಳೆಯುವ ಪುಟ್ಟ ಕೀಟಗಳಾದ ಅಣಬೆ ನೊಣಗಳನ್ನೇ ಇಟ್ಟುಕೊಂಡು ಈ ವಿಮರ್ಶೆ ಬರೆಯಲು ಕಾರಣವಿದೆ. ಹೆಸರಿಲ್ಲದ ಪ್ರಭೇದಗಳು ರಾಶಿರಾಶಿಯಾಗಿ ಉಳಿದಿರುವ ಗುಂಪುಗಳಲ್ಲಿ ಇದೂ ಒಂದು. ಸಿಂಗಾಪುರದಷ್ಟು ಚಿಕ್ಕ ನಾಡಿನಲ್ಲಿ ಮೈಸಿಟೋಫಿಲಿಡೇ ಎಂಬ ಒಂದೇ ಕುಟುಂಬವನ್ನು ಕೂತು ಶೋಧಿಸಿದಾಗ ನೂರಕ್ಕೂ ಹೆಚ್ಚು ಹೊಸ ಪ್ರಭೇದಗಳು ಹೊರಬಿದ್ದವು. ಅಲ್ಲೇ ಹಾಗಿದ್ದ ಮೇಲೆ ನಮ್ಮ ಘಟ್ಟದ ಕಾಡುಗಳ ಎಲೆಗೊಬ್ಬರದಲ್ಲಿ ಎಷ್ಟಿರಬಹುದು, ನೀವೇ ಊಹಿಸಿ. ಹಾಗೆಂದು ಚಿಪ್ಪಣಬೆ ಬೆಳೆಯುವ ಶೆಡ್‌ನಲ್ಲಿ ಹಳದಿ ಅಂಟುಹಾಳೆಗೆ ಸಿಕ್ಕಿಬಿದ್ದದ್ದನ್ನು ಹೊಸ ಪ್ರಭೇದ ಅನ್ನಬೇಡಿ. ಅಲ್ಲಿ ಬರುವುದು ಹೆಚ್ಚಾಗಿ ಗೊಬ್ಬರ, ಕುಂಡಗಳ ಜೊತೆ ಲೋಕ ಸುತ್ತಿದ ಬ್ರಾಡಿಸಿಯಾ ಒಸೆಲ್ಲಾರಿಸ್‌ನಂಥ ಹಳೆಯ ಗಿರಾಕಿಗಳು. ಇನ್ನೊಂದು ಮಾತು: ಈ ಕೀಟಕ್ಕೆ ಕನ್ನಡದಲ್ಲಿ ‘ನುಸಿ’ ಅಂದರೆ ಕೃಷಿ ಇಲಾಖೆಯವರಿಗೆ ತೆಂಗಿನ ನುಸಿ ನೆನಪಾಗುತ್ತದೆ. ಅದು ಜೇಡರ ಬಳಗದ್ದು, ರೆಕ್ಕೆಯೇ ಇಲ್ಲ. ಅದಕ್ಕೇ ಇಲ್ಲಿ ‘ಅಣಬೆ ನೊಣ’ ಎಂದೇ ಬರೆದಿದ್ದೇವೆ.

ಝೂಬ್ಯಾಂಕ್ ಬೇಕೇ ಬೇಕು ಅನ್ನಿಸುವ ಸಂದರ್ಭಕ್ಕೆ ಒಳ್ಳೆಯ ಉದಾಹರಣೆ ಬ್ರೆಜಿಲ್‌ನ ನಿಯೋಸೆರೋಪ್ಲೇಟಸ್ ಬೆಟಾರಿಯೆನ್ಸಿಸ್. ಸಾವೊ ಪಾಲೊ ರಾಜ್ಯದ ಇಪೊರಾಂಗಾ ಬಳಿಯ ಬೆಟಾರಿ ರಕ್ಷಿತ ಕಾಡಿನಲ್ಲಿ, ಹೊಳೆಯುವ ಅಣಬೆ ಹುಡುಕುತ್ತಿದ್ದವರ ಕಣ್ಣಿಗೆ ನೀಲಿ ಬೆಳಕು ಬೀರುವ ಹುಳು ಬಿತ್ತು. ಅದು ಕೆರೋಪ್ಲಾಟಿಡೇ ಕುಟುಂಬದ ಅಣಬೆ ನೊಣದ ಮರಿಹುಳು. ದಕ್ಷಿಣ ಅಮೆರಿಕದಲ್ಲಿ ಬೆಳಕು ಸೂಸುವ ಅಣಬೆ ನೊಣ ದಾಖಲಾದದ್ದು ಅದೇ ಮೊದಲು. ವಿವರಣೆ 2019ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಬಂತು. ಆ ಪತ್ರಿಕೆಗೆ ಅಚ್ಚಿನ ಪ್ರತಿಯೇ ಇಲ್ಲ, ಇರುವುದೆಲ್ಲ ಅಂತರಜಾಲದಲ್ಲಿ. ಕಾಗದವೇ ಇಲ್ಲದ ಕಡೆ ಹೊಸ ಹೆಸರಿಗೆ ಕಾನೂನಿನ ನೆಲೆ ಕೊಡುವುದು ಝೂಬ್ಯಾಂಕ್.

ಮೊದಲು ಹೀಗಿರಲಿಲ್ಲ. 2000ದ ಜನವರಿ 1ರಿಂದ ಜಾರಿಯಲ್ಲಿರುವ ನಾಮಕರಣ ಸಂಹಿತೆಯ ನಾಲ್ಕನೇ ಆವೃತ್ತಿ, ಬರೀ ಅಂತರಜಾಲದಲ್ಲಿ ಬಂದದ್ದನ್ನು ಪ್ರಕಟಣೆ ಎಂದು ಒಪ್ಪುತ್ತಿರಲಿಲ್ಲ. 2009ರಲ್ಲಿ ಡಾರ್ವಿನಿಯಸ್ ಎಂಬ ಪಳೆಯುಳಿಕೆ ಜಗತ್ತಿನಾದ್ಯಂತ ಸುದ್ದಿಯಾಯಿತಲ್ಲ, ಆಗ ಅದರ ಲೇಖನ ಅಂತರಜಾಲದಲ್ಲಷ್ಟೇ ಇದ್ದದ್ದರಿಂದ ಹೆಸರಿಗೆ ಸಿಂಧುತ್ವ ತರಲು ಆಮೇಲೆ ಕಾಗದದ ಪ್ರತಿಗಳನ್ನು ಅಚ್ಚು ಹಾಕಿಸಬೇಕಾಯಿತು. 2012ರ ಸೆಪ್ಟೆಂಬರ್‌ನ ತಿದ್ದುಪಡಿ ಈ ಗೋಳನ್ನು ತಪ್ಪಿಸಿತು. 2011ರ ನಂತರ ಹೊರಬಂದ ಎಲೆಕ್ಟ್ರಾನಿಕ್ ಲೇಖನಗಳೂ ಪ್ರಕಟಣೆಯೇ, ಆದರೆ ಶರತ್ತುಗಳಿವೆ. ಲೇಖನ ಹೊರಬರುವ ಮೊದಲೇ ಝೂಬ್ಯಾಂಕ್‌ನಲ್ಲಿ ನೋಂದಣಿಯಾಗಿರಬೇಕು. ಪ್ರಕಟಣೆಯ ದಿನಾಂಕ ಲೇಖನದ ಒಳಗೇ ಇರಬೇಕು. ನೋಂದಣಿಯ ಪುರಾವೆಯೂ ಒಳಗೇ ಇರಬೇಕು. ಪತ್ರಿಕೆಯ ಅಂತಾರಾಷ್ಟ್ರೀಯ ಗುರುತಾದ ಐಎಸ್‌ಎಸ್‌ಎನ್ ಸಂಖ್ಯೆ, ಜೊತೆಗೆ ಲೇಖನವನ್ನು ಶಾಶ್ವತವಾಗಿ ಕಾಪಿಡುವ ಭಂಡಾರದ ಹೆಸರು ಮತ್ತು ಜಾಲವಿಳಾಸ ಝೂಬ್ಯಾಂಕ್ ನಮೂದಿನಲ್ಲಿ ಇರಬೇಕು. ಆ ಭಂಡಾರ ಪ್ರಕಾಶಕರದ್ದೇ ಆಗಿರಬಾರದು. ಕ್ಲಾಕ್ಸ್, ಪೋರ್ಟಿಕೋ, ಝೆನೋಡೋ ಇಂಥವು ಆಗುತ್ತವೆ. ಅಚ್ಚಾಗಿಯೇ ಬರುವ ಪತ್ರಿಕೆಗೆ ಈ ನೋಂದಣಿ ಕಡ್ಡಾಯವಲ್ಲ. ಆಗ ಅಚ್ಚಿನ ಪ್ರತಿ ಹೊರಬಿದ್ದ ದಿನವೇ ಹೆಸರಿನ ದಿನ.

ಇಲ್ಲೇ ಹೆಚ್ಚು ಜನ ಎಡವುವುದು. ತಿದ್ದುಪಡಿ ಕೇಳುವುದು ಲೇಖನದ ನೋಂದಣಿಯನ್ನು, ಹೆಸರಿನ ನೋಂದಣಿಯನ್ನಲ್ಲ. ಝೂಬ್ಯಾಂಕ್‌ನಲ್ಲಿ ಮುಖ್ಯವಾಗಿ ಮೂರು ಬಗೆಯ ನಮೂದುಗಳಿವೆ: ಲೇಖಕರು, ಪ್ರಕಟಣೆ, ನಾಮಕರಣ ಕ್ರಿಯೆ. ಒಂದೊಂದಕ್ಕೂ ಬೇರೆ ಬೇರೆ ಗುರುತು ಸಂಖ್ಯೆ. ಹೊಸ ಹೆಸರಿನ ಸಂಖ್ಯೆ ಪಡೆದು ಅದನ್ನೇ ಲೇಖನದಲ್ಲಿ ಹಾಕಿ, ಪ್ರಕಟಣೆಯ ಸಂಖ್ಯೆ ಹಾಕಲು ಮರೆಯುವುದು ಮಾಮೂಲು. ಸಂಖ್ಯೆಯ ನಡುವೆ ‘ಆಕ್ಟ್’ ಎಂದಿದ್ದರೆ ಅದು ಹೆಸರಿನದ್ದು, ‘ಪಬ್’ ಎಂದಿದ್ದರೆ ಲೇಖನದ್ದು. ಕಾನೂನಿಗೆ ಬೇಕಾದದ್ದು ‘ಪಬ್’. ಹೆಸರಿನದ್ದನ್ನೂ ಹಾಕಿ, ಓದುವವರಿಗೆ ಅನುಕೂಲ. ಆದರೆ ಒಂದನ್ನೇ ಹಾಕುವುದಾದರೆ ಯಾವುದು ಎಂಬ ಗೊಂದಲ ಬೇಡ.

ಇಷ್ಟೆಲ್ಲ ಮಾಡಿದ ಮೇಲೂ ಝೂಬ್ಯಾಂಕ್ ನಿಮ್ಮ ನೊಣವನ್ನು ನೋಡಿಲ್ಲ ಎಂಬುದು ನೆನಪಿರಲಿ. ಅದು ಹೊಸದೇ, ಕುಲ ಸರಿಯೇ, ಹೆಸರಿನ ವ್ಯಾಕರಣ ಸರಿಯೇ, ಮಾದರಿ ಎಲ್ಲಿಟ್ಟಿದ್ದೀರಿ, ಏನನ್ನೂ ಅದು ಕೇಳುವುದಿಲ್ಲ. ಹಳೆಯ ಹೆಸರಿಗೆ ಡಿಕ್ಕಿ ಹೊಡೆಯುವ ಹೆಸರನ್ನೂ ಯಾರೂ ತಡೆಯುವುದಿಲ್ಲ. ನಾವು ಅಂಕ ಕಳೆದದ್ದು ಇದಕ್ಕಲ್ಲ, ನೋಂದಣಿ ಕಚೇರಿಯ ಸ್ವಭಾವವೇ ಹಾಗೆ. ಅಂಕ ಕಳೆದದ್ದು, ಕಾನೂನಿಗೆ ಬೇಕೇಬೇಕಾದ ಭಂಡಾರ, ಐಎಸ್‌ಎಸ್‌ಎನ್‌ಗಳು ಖಾಲಿ ಬಿದ್ದಿರುವ ನಮೂದುಗಳು ಅಲ್ಲಿ ಧಾರಾಳವಾಗಿ ಕಾಣುವುದಕ್ಕೆ. ಕಡ್ಡಾಯವಾದದ್ದನ್ನು ಕಡ್ಡಾಯ ಎಂದು ಮುಖಕ್ಕೆ ಹೊಡೆದಂತೆ ಹೇಳಬೇಕಿತ್ತು.

ಹಾಗಾಗಿ ಅಸಲಿ ಕೆಲಸ ಝೂಬ್ಯಾಂಕ್ ತೆರೆಯುವ ಮೊದಲೇ ಮುಗಿದಿರಬೇಕು. ಅದರಲ್ಲಿ ಅರ್ಧ ಪಾಲು ಸೂಕ್ಷ್ಮದರ್ಶಕದ ಸ್ಲೈಡ್‌ನ ಕೆಲಸ.

ಅಣಬೆ ನೊಣಗಳಲ್ಲೇ ಒಂದಾದ, ಬ್ರಾಡಿಸಿಯಾ ಸೇರುವ ಸಿಯಾರಿಡೇ ಕುಟುಂಬವನ್ನೇ ತೆಗೆದುಕೊಳ್ಳಿ. ಕೀಟ ಕೆಲವೇ ಮಿಲಿಮೀಟರ್ ಉದ್ದ, ಕಪ್ಪು, ಒಂದರಂತೆ ಇನ್ನೊಂದು. ಮೀಸೆಗೆ 16 ಗೆಣ್ಣು, ಅದರ ಮೇಲುಗಡೆ ಎರಡೂ ಕಣ್ಣುಗಳನ್ನು ಕೂಡಿಸುವ ಸೇತುವೆ. ಇಷ್ಟು ಕಂಡರೆ ಕುಟುಂಬ ಗೊತ್ತಾಯಿತು. ಪ್ರಭೇದ ಗೊತ್ತಾಗುವುದು ಗಂಡಿನ ಜನನಾಂಗದಲ್ಲಿ. ಹಿಡಿಕೆಯಂತಿರುವ ಗೊನೊಸ್ಟೈಲಸ್‌ನ ಆಕಾರ, ಅದರ ತುದಿಗೆ ಹಲ್ಲಿದೆಯೋ ಇಲ್ಲವೋ, ಒಳಬದಿಯ ಮುಳ್ಳುಗಳು ಎಷ್ಟು, ಅವು ತುದಿಯಿಂದ ಎಷ್ಟು ಕೆಳಗೆ ನಿಂತಿವೆ. ಜೊತೆಗೆ ಮುಂಗಾಲಿನ ಟಿಬಿಯಾ ಎಂಬ ಭಾಗದ ತುದಿಯ ಬಾಚಣಿಗೆಯಂಥ ಕೂದಲ ಸಾಲು, ಮೀಸೆಯ ಬುಡದ ಎರಡು ಗೆಣ್ಣು ಬಿಟ್ಟು ಎಣಿಸಿದಾಗ ನಾಲ್ಕನೆಯದಾಗುವ ಗೆಣ್ಣಿನ ಉದ್ದ ಅಗಲದ ಅನುಪಾತ, ರೆಕ್ಕೆಯ ನರಗಳ ಮೇಲೆ ಕೂದಲಿದೆಯೇ ಎಂಬುದು. ಹೆಣ್ಣೊಂದೇ ಸಿಕ್ಕಿದ್ದರೆ ಕಾಯಿರಿ. ಹೆಣ್ಣನ್ನು ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾಗುವ ಒಂದೇ ಮಾದರಿ, ಮಾಡಿ ಹೆಸರಿಟ್ಟರೆ ಮುಂದೆ ಬರುವವರಿಗೆ ಅದನ್ನು ಗಂಡಿಗೆ ತಾಳೆ ಹಾಕುವುದು ಬಲು ಕಷ್ಟ.

ಡಿಎನ್‌ಎ ತೆಗೆಯುವುದಿದ್ದರೆ ಕೀಟವನ್ನು ಶೇ. 95ಕ್ಕಿಂತ ಗಟ್ಟಿ ಎಥನಾಲ್‌ನಲ್ಲಿ ಇಟ್ಟಿರಬೇಕು. ಅರೆಯುವ ಅಗತ್ಯವಿಲ್ಲ. ಇಡೀ ಕೀಟವನ್ನು ಪ್ರೋಟಿನೇಸ್ ಕೆ ಎಂಬ ಕಿಣ್ವ ಇರುವ ದ್ರಾವಣದಲ್ಲಿ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಬಿಟ್ಟರೆ ಒಳಗಿನ ಮಾಂಸ ಕರಗಿ ದ್ರಾವಣಕ್ಕೆ ಬರುತ್ತದೆ, ಹೊರಕವಚ ಹಾಗೇ ಉಳಿಯುತ್ತದೆ. ಹೀಗೆ ಮಾಡಿದರೆ ಜನನಾಂಗ ತಿಳಿಯಾಗಿಯೂ ಕಾಣುತ್ತದೆ, ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಕಾಯಿಸುವ ಕೆಲಸ ಬಹಳ ಸಲ ಉಳಿಯುತ್ತದೆ. ಆಮೇಲೆ ಎಥನಾಲ್‌ನ ಮೆಟ್ಟಿಲುಗಳನ್ನು ಹತ್ತಿಸಿ ಅಪ್ಪಟ ಎಥನಾಲ್‌ಗೆ ತಂದು, ಮಾದರಿಯನ್ನು ಸ್ಲೈಡಿಗೆ ಅಂಟಿಸುವ ಯುಪರಾಲ್‌ನಲ್ಲಿ ಕೂರಿಸಬಹುದು. ಕೆನಡಾ ಬಾಲ್ಸಮ್ ಆದರೆ ನಡುವೆ ಲವಂಗದ ಎಣ್ಣೆ ಬೇಕು. ನೀರಿನ ಪಸೆ ಉಳಿದಿದ್ದರೆ ಬಾಲ್ಸಮ್ ಹಾಲಿನಂತೆ ಬೆಳ್ಳಗಾಗುತ್ತದೆ. ಅದನ್ನು ಬಿಚ್ಚಿ ಮತ್ತೆ ಒಣಗಿಸುವಷ್ಟರಲ್ಲಿ ಇದ್ದೊಂದು ಮಾದರಿಯ ಮೀಸೆ ಮುರಿದಿರುತ್ತದೆ.

ಹತ್ತಿರದಿಂದ ನೋಡಬೇಕಾದ ಒಂದು ವಿಷಯ, ಸ್ಲೈಡಿನ ಮೇಲೆ ಮುಚ್ಚುವ ತೆಳುಗಾಜಾದ ಕವರ್‌ಸ್ಲಿಪ್‌ನ ಭಾರ. ಜನನಾಂಗವನ್ನು ಕಿಬ್ಬೊಟ್ಟೆಯ ಕಡೆ ಮೇಲಾಗಿ ಇಟ್ಟು ಗಾಜು ಮುಚ್ಚುತ್ತೇವೆ. ಗಾಜು ಒತ್ತಿದರೆ ಎರಡು ಗೊನೊಸ್ಟೈಲಸ್‌ಗಳೂ ಹೊರಕ್ಕೆ ಅಗಲಿ, ಚಪ್ಪಟೆಯಾಗಿ, ಇದ್ದದ್ದಕ್ಕಿಂತ ದಪ್ಪಗೆ ಕಾಣುತ್ತವೆ. ಕೊಕ್ಕಿನಂತೆ ಬಾಗಿದ್ದ ತುದಿ ಮೊಂಡಾಗಿ ಕಾಣುತ್ತದೆ. ಇಂಥ ಒಂದು ಸ್ಲೈಡನ್ನು ಒತ್ತಡವಿಲ್ಲದ ಇನ್ನೊಂದರ ಪಕ್ಕ ಇಟ್ಟರೆ ಎರಡು ಪ್ರಭೇದ ಎಂದೇ ಅನ್ನಿಸುತ್ತದೆ. ಗಾಜಿನ ನಾಲ್ಕು ಮೂಲೆಗೆ ಒಡೆದ ಕವರ್‌ಸ್ಲಿಪ್‌ನ ಚೂರುಗಳನ್ನು ಆಧಾರ ಕೊಟ್ಟರೆ ಸಮಸ್ಯೆ ತೀರಿತು. ಹೋಲೋಟೈಪ್‌ನ ರೆಕ್ಕೆ, ತಲೆ, ಜನನಾಂಗ ಬೇರೆ ಬೇರೆ ಸ್ಲೈಡಿನಲ್ಲಿದ್ದರೆ ಎಲ್ಲದರ ಮೇಲೂ ಒಂದೇ ಸಂಖ್ಯೆ. ಒಂದೇ ಗಾಜಿನಡಿ ಎರಡು ಕೀಟ ಇಡಬೇಡಿ.

ವಿವರಣೆಯಲ್ಲಿ ಸಂಹಿತೆ ಕೇಳುವುದು ಕೆಲವೇ ಸಂಗತಿ, ಒಂದು ತಪ್ಪಿದರೂ ಹೆಸರು ನಿಲ್ಲುವುದಿಲ್ಲ. ಇದು ಹೊಸ ಪ್ರಭೇದ ಎಂದು ಸ್ಪಷ್ಟವಾಗಿ ಬರೆದಿರಬೇಕು. ‘ಬಹುಶಃ ಹೊಸದು, ಹಾಗಿದ್ದರೆ ಇದರ ಹೆಸರು ಹೀಗಿರಲಿ’ ಎಂಬ ಶರತ್ತಿನ ಹೆಸರು 1960ರ ನಂತರ ನಡೆಯುವುದಿಲ್ಲ. ಬೇರೆ ಪ್ರಭೇದಗಳಿಂದ ಇದನ್ನು ಬೇರ್ಪಡಿಸುವ ಲಕ್ಷಣಗಳನ್ನು ಮಾತಿನಲ್ಲಿ ಹೇಳಿರಬೇಕು. ಬರೀ ಚಿತ್ರ ಸಾಲದು. ಹೋಲೋಟೈಪ್ ಯಾವುದು ಎಂದು ಗುರುತಿಸಿರಬೇಕು. ಅದು ಯಾವ ಸಂಗ್ರಹದಲ್ಲಿದೆ ಅಥವಾ ಯಾವುದಕ್ಕೆ ಹೋಗಲಿದೆ, ಆ ಸಂಗ್ರಹ ಯಾವ ಊರಿನಲ್ಲಿದೆ ಎಂದೂ ಬರೆದಿರಬೇಕು. ಈ ಕೊನೆಯ ಎರಡು 1999ರ ನಂತರದ ಎಲ್ಲ ಹೆಸರಿಗೂ ಕಡ್ಡಾಯ. ‘ಲೇಖಕರ ಬಳಿ ಇದೆ’ ಎಂದು ಬರೆದು ಕೈತೊಳೆದುಕೊಂಡರೆ ನಾಮಕರಣವೆಲ್ಲ ನೀರುಪಾಲು.

ಭಾರತದಲ್ಲಿ ಹಿಡಿದ ಕೀಟಕ್ಕೆ ಇನ್ನೊಂದು ಕಾನೂನಿದೆ. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಹೊಸ ಪ್ರಭೇದ ಕಂಡುಕೊಂಡವರು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿ ಒಪ್ಪಿಸಬೇಕು. ಕೋಲ್ಕತ್ತಾದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆ ಅಂಥದ್ದೊಂದು. ಕರ್ನಾಟಕದವರಿಗೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಹತ್ತಿರ. ಸ್ವೀಕೃತಿ ಸಂಖ್ಯೆ ಕೈಗೆ ಬರಲು ಹೊತ್ತು ಹಿಡಿಯಬಹುದು, ಆದ್ದರಿಂದ ಲೇಖನ ಕಳಿಸುವ ಮೊದಲೇ ಪತ್ರವ್ಯವಹಾರ ಶುರುಮಾಡಿ.

ಹೆಸರಿನ ವಿಚಾರ. ವಿವರಣೆ ಇಂಥ ಭಾಷೆಯಲ್ಲೇ ಇರಬೇಕೆಂದು ಸಂಹಿತೆ ಹೇಳುವುದಿಲ್ಲ, ಹೆಚ್ಚು ಜನ ಓದುವ ಭಾಷೆಯಿರಲಿ ಎಂಬುದು ಬರೀ ಶಿಫಾರಸು. ಕನ್ನಡದಲ್ಲೇ ಬರೆದ ವಿವರಣೆಯೂ ಕಾನೂನಿಗೆ ಸಮ್ಮತ. ಆದರೆ ಹೆಸರು ಮಾತ್ರ ಲ್ಯಾಟಿನ್ ಲಿಪಿಯಲ್ಲೇ ಇರಬೇಕು. ಪದ ಕನ್ನಡದ್ದಾಗಬಹುದು. ಮಡಕೆ ಮಾಡುವವರಂತೆ ಮೊಟ್ಟೆಗೆ ಮಣ್ಣು ಮೆತ್ತುವ ಮಲೆನಾಡಿನ ಕಪ್ಪೆಗೆ 2014ರಲ್ಲಿ ನಿಕ್ಟಿಬ್ಯಾಟ್ರಾಕಸ್ ಕುಂಬಾರ ಎಂದು ಹೆಸರು ಬಿತ್ತು. ಮಣಿಪಾಲದ ಮುರಕಲ್ಲು ಬಯಲಿನ ಪುಟ್ಟ ಕಪ್ಪೆ ಮೈಕ್ರೋಹೈಲಾ ಲ್ಯಾಟರೈಟ್ ಬಂದದ್ದು 2016ರಲ್ಲಿ, ಅಂತರಜಾಲದಲ್ಲಷ್ಟೇ ಇರುವ ಪತ್ರಿಕೆಯಲ್ಲಿ. ಇವೆರಡೂ ನಾಮಪದವನ್ನು ಹಾಗೇ ಪಕ್ಕಕ್ಕೆ ಇಟ್ಟ ಹೆಸರುಗಳು. ಕುಲ ಯಾವ ಲಿಂಗದ್ದಾದರೂ ಇವು ಬದಲಾಗುವುದಿಲ್ಲ. ಲ್ಯಾಟಿನ್ ವ್ಯಾಕರಣದಲ್ಲಿ ಧೈರ್ಯ ಸಾಲದವರಿಗೆ ಇದೇ ಕ್ಷೇಮ. ‘ಇದು ನಾಮಪದ, ವಿಶೇಷಣವಲ್ಲ’ ಎಂದು ಲೇಖನದಲ್ಲೇ ಒಂದು ಸಾಲು ಹಾಕಿಬಿಡಿ. ಊರಿನ ಹೆಸರಿಗೆ ‘ಎನ್ಸಿಸ್’ ಸೇರಿಸಿದರೆ ಪುಲ್ಲಿಂಗ, ಸ್ತ್ರೀಲಿಂಗ ಎರಡಕ್ಕೂ ಅದೇ ರೂಪ, ನಪುಂಸಕಕ್ಕೆ ‘ಎನ್ಸೆ’. ಬೆಟಾರಿಯೆನ್ಸಿಸ್ ಆದದ್ದು ಹಾಗೆ. ಬ್ರಾಡಿಸಿಯಾ, ಲೈಕೋರಿಯೆಲ್ಲಾ ಸ್ತ್ರೀಲಿಂಗ; ಅಲ್ಲಿ ‘ನೈಗರ್’ ಎಂದರೆ ತಪ್ಪು, ‘ನೈಗ್ರಾ’ ಆಗಬೇಕು. ವ್ಯಕ್ತಿಯ ಗೌರವಕ್ಕಾದರೆ ಗಂಡಸಿಗೆ ‘ಐ’, ಹೆಂಗಸಿಗೆ ‘ಏಇ’ ಎಂಬ ಕೊನೆ. ಗೌರವಿಸಹೊರಟ ಗುರುಗಳು ಹೆಂಗಸಾಗಿದ್ದು ಹೆಸರು ಗಂಡಸಿನದಾದರೆ ಮುಜುಗರ ನಿಮಗೇ.

ಹೆಸರು ಮೊದಲೇ ಬಳಕೆಯಾಗಿದೆಯೇ ಎಂದು ಹುಡುಕುವಾಗ ಝೂಬ್ಯಾಂಕನ್ನು ನೆಚ್ಚಬೇಡಿ. ಹಳೆಯ ಹೆಸರುಗಳೆಲ್ಲ ಅದರಲ್ಲಿಲ್ಲ. ನೊಣಗಳಿಗೆ ‘ಸಿಸ್ಟೆಮಾ ಡಿಪ್ಟೆರೋರಮ್’ ಎಂಬ ದತ್ತಸಂಗ್ರಹವಿದೆ, ಅಲ್ಲಿ ನೋಡಿ. ಅದರಲ್ಲೂ ಒಂದು ಸೂಕ್ಷ್ಮ: ಒಂದು ಕಾಲದಲ್ಲಿ ಸಿಯಾರಿಡೇ ಕುಟುಂಬದ ಕೀಟಗಳನ್ನೆಲ್ಲ ಸಿಯಾರಾ ಎಂಬ ಒಂದೇ ಕುಲಕ್ಕೆ ತುಂಬುತ್ತಿದ್ದರು, ಆಮೇಲೆ ಬ್ರಾಡಿಸಿಯಾ ಮುಂತಾದವಕ್ಕೆ ಹಂಚಿದರು. ನಿಮ್ಮ ಬ್ರಾಡಿಸಿಯಾಕ್ಕೆ ನೀವಿಟ್ಟ ಹೆಸರು ನೂರು ವರ್ಷದ ಹಿಂದೆ ಸಿಯಾರಾದಲ್ಲಿ ಬಂದು ಈಗ ಬ್ರಾಡಿಸಿಯಾಕ್ಕೆ ಸೇರಿರುವ ಹೆಸರೇ ಆಗಿದ್ದರೆ ನಿಮ್ಮದು ಬಿದ್ದುಹೋಗುತ್ತದೆ. ‘ಇಂಡಿಕಾ’ದಂಥ ಸವಕಲು ಹೆಸರುಗಳಿಗೆ ಈ ಅಪಾಯ ಜಾಸ್ತಿ. ಎರಡೂ ಕುಲದ ಜೊತೆ ಹಾಕಿ ಹುಡುಕಿ.

ಇನ್ನು ನೋಂದಣಿ. ಲೇಖನ ಸ್ವೀಕೃತವಾದ ಮೇಲೆ, ಕರಡಚ್ಚು ಬರುವ ಮೊದಲು ಮಾಡುವುದು ಸರಿಯಾದ ಹೊತ್ತು. ಅದಕ್ಕೂ ಮೊದಲು ಮಾಡಿದರೆ ಶೀರ್ಷಿಕೆ, ಕೆಲವೊಮ್ಮೆ ಹೆಸರೇ ವಿಮರ್ಶಕರ ಕೈಯಲ್ಲಿ ಬದಲಾಗಿರುತ್ತದೆ. ಮೊದಲು ಸಂಪಾದಕರನ್ನು ಒಂದು ಮಾತು ಕೇಳಿ: ನೋಂದಣಿ ನೀವು ಮಾಡುತ್ತೀರೋ ನಾವು ಮಾಡಬೇಕೋ ಎಂದು. ಝೂಕೀಸ್‌ನಂಥ ಪೆನ್‌ಸಾಫ್ಟ್ ಪತ್ರಿಕೆಗಳಲ್ಲಿ ಪ್ರಕಾಶಕರ ವ್ಯವಸ್ಥೆಯೇ ಅದನ್ನು ಮಾಡಿಬಿಡುತ್ತದೆ. ಅಲ್ಲಿ ನೀವೂ ಮಾಡಿದರೆ ಒಂದೇ ಲೇಖನಕ್ಕೆ ಎರಡು ಸಂಖ್ಯೆ.

ಒಳಗೆ ಹೋದ ಮೇಲೆ ಹೊಸದಾಗಿ ಸೇರಿಸುವ ಮೊದಲು ಹುಡುಕಿ. ನಮ್ಮಲ್ಲಿ ಹೆಸರು ಬರೆಯುವ ರೀತಿ ಹಲವು: ಇನಿಷಿಯಲ್ ಮುಂದೆ, ಹಿಂದೆ, ಬಿಡಿಸಿ. ಅದರಿಂದ ಒಬ್ಬರೇ ಲೇಖಕರು ಎರಡು ಮೂರು ಅವತಾರದಲ್ಲಿ ಕೂತಿರುತ್ತಾರೆ. ಇದ್ದರೆ ಅದನ್ನೇ ಆರಿಸಿ. ಆಮೇಲೆ ಪ್ರಕಟಣೆ. ಪತ್ರಿಕೆಯನ್ನು ಪಟ್ಟಿಯಿಂದ ಆರಿಸಿದ ಮೇಲೆ ಅದರ ನಮೂದು ತೆರೆದು ಐಎಸ್‌ಎಸ್‌ಎನ್ ಇದೆಯೇ, ಭಂಡಾರ ಇದೆಯೇ ನೋಡಿ. ಅಚ್ಚಿನ ಆವೃತ್ತಿಗೂ ಎಲೆಕ್ಟ್ರಾನಿಕ್ ಆವೃತ್ತಿಗೂ ಐಎಸ್‌ಎಸ್‌ಎನ್ ಬೇರೆ, ಎಲೆಕ್ಟ್ರಾನಿಕ್‌ದೇ ಇರಲಿ. ನಂತರ ನಾಮಕರಣ ಕ್ರಿಯೆ: ಹೆಸರಿನ ಎರಡನೇ ಪದ, ಅದು ಸೇರುವ ಕುಲ, ಲೇಖಕರು. ಲೇಖನದ ಲೇಖಕರು ಐವರಿದ್ದು ಹೆಸರಿಟ್ಟವರು ಇಬ್ಬರೇ ಆಗಿದ್ದರೆ ಇಲ್ಲಿ ಆ ಇಬ್ಬರೇ ಬರಬೇಕು, ಲೇಖನದಲ್ಲೂ ಹಾಗೇ ಬರೆದಿರಬೇಕು. ಕಾಗುಣಿತ ಎರಡು ಸಲ ನೋಡಿ. ಲೇಖನದಲ್ಲೊಂದು, ಝೂಬ್ಯಾಂಕ್‌ನಲ್ಲೊಂದು ಇದ್ದರೆ ಗೆಲ್ಲುವುದು ಲೇಖನದ್ದೇ, ಆದರೆ ಹುಡುಕುವವರು ದಾರಿ ತಪ್ಪುತ್ತಾರೆ.

ಲೇಖನ ಅಂತರಜಾಲಕ್ಕೆ ಬಂದ ಮರುದಿನ ನೋಂದಣಿ ನೆನಪಾದರೆ? ಆ ಲೇಖನದಿಂದ ಹೆಸರಿಗೆ ಜೀವ ಬರುವುದಿಲ್ಲ. ಹಿಂದಿನ ತಾರೀಖು ಹಾಕುವ ದಾರಿ ಇಲ್ಲ. ಮೊದಲು ನೋಂದಾಯಿಸಿ, ಹೋಲೋಟೈಪ್, ಸಂಗ್ರಹ, ಹಿಂದಿನ ವಿವರಣೆಯ ಉಲ್ಲೇಖ ಎಲ್ಲ ಸೇರಿಸಿ ಚಿಕ್ಕದೊಂದು ಲೇಖನವನ್ನು ಹೊಸದಾಗಿ ಪ್ರಕಟಿಸಬೇಕು. ಹೆಸರಿನ ವರ್ಷ ಆ ಎರಡನೆಯ ಲೇಖನದ್ದು. ನಡುವಿನಲ್ಲಿ ಬೇರೆಯವರು ಅದೇ ಕೀಟಕ್ಕೆ ಹೆಸರಿಟ್ಟಿದ್ದರೆ ಆದ್ಯತೆ ಅವರಿಗೆ. ಬದಲಿಗೆ, ಮೊದಲೇ ನೋಂದಣಿಯಾಗಿದ್ದು ಲೇಖನದಲ್ಲಿ ಸಂಖ್ಯೆ ತಪ್ಪಾಗಿ ಅಚ್ಚಾಗಿದ್ದರೆ ಗಾಬರಿ ಬೇಡ. ಯಾವ ನಮೂದು ಎಂದು ಅನುಮಾನಕ್ಕೆ ಎಡೆಯಿಲ್ಲದಂತೆ ಗೊತ್ತಾಗುವಂತಿದ್ದರೆ ಸಂಹಿತೆ ಅದನ್ನು ಮನ್ನಿಸುತ್ತದೆ.

ಪ್ರಿಪ್ರಿಂಟ್, ಅಂದರೆ ಪತ್ರಿಕೆಯಲ್ಲಿ ಬರುವ ಮೊದಲೇ ಲೇಖನದ ಕರಡನ್ನು ಅಂತರಜಾಲಕ್ಕೆ ಹಾಕುವ ಅಭ್ಯಾಸವಿರುವವರು ಅದರಲ್ಲಿ ಹೊಸ ಹೆಸರನ್ನು ಬರೆಯದಿರುವುದೇ ಒಳ್ಳೆಯದು. ‘ಪ್ರಭೇದ 1’ ಎಂದಿರಲಿ. ಕೆಲವು ಪತ್ರಿಕೆಗಳು ಪುಟಸಂಖ್ಯೆಯಿಲ್ಲದ ಮುಂಗಡ ಪ್ರತಿಯನ್ನು ಮೊದಲೇ ಹಾಕುತ್ತವೆ. ಆಮೇಲೆ ಬದಲಾಗುವ ಅಂಥ ಪ್ರತಿ ಪ್ರಕಟಣೆಯಲ್ಲ, ಅಂತಿಮ ಪ್ರತಿಯ ದಿನವೇ ಲೆಕ್ಕ.

ಜೊತೆಗೆ ಬೇಕಾಗುವ ಇನ್ನೆರಡು ಸೇವೆಗಳ ಬಗ್ಗೆ ಚುಟುಕಾಗಿ. ಕೆನಡಾದ ಗ್ವೆಲ್ಫ್‌ನಲ್ಲಿ ನೆಲೆಯಿರುವ ಬೋಲ್ಡ್, ಡಿಎನ್‌ಎ ಬಾರ್‌ಕೋಡ್‌ಗಳ ಸಂಗ್ರಹ. ಸಿಒಐ ಎಂಬ ಮೈಟೋಕಾಂಡ್ರಿಯಾದ ಜೀನಿನ 658 ಅಕ್ಷರಗಳ ತುಣುಕನ್ನು ಹಾಕಿದರೆ ಹತ್ತಿರದವುಗಳ ಜೊತೆ ಗುಂಪು ಮಾಡಿ ಒಂದು ಗುರುತು ಕೊಡುತ್ತದೆ. ನಿಮ್ಮ ಕೀಟ ಒಂಟಿಯಾಗಿ ಹೊಸ ಗುಂಪು ಮಾಡಿಕೊಂಡರೆ ಅದು ಸುಳಿವು, ತೀರ್ಪಲ್ಲ. ಹಳೆಯ ಪ್ರಭೇದದ ಬಾರ್‌ಕೋಡನ್ನು ಇದುವರೆಗೆ ಯಾರೂ ಹಾಕಿಲ್ಲದಿರಬಹುದು. ಚಿತ್ರ, ಜಿಪಿಎಸ್, ಮಾದರಿ ಸಂಖ್ಯೆ ಎಲ್ಲ ಒಟ್ಟಿಗೆ ಇಡಲು ಇದಕ್ಕಿಂತ ಅನುಕೂಲದ್ದು ಇಲ್ಲ. ಎಲ್ಲ ಜೀವಿಗಳ ಡಿಎನ್‌ಎ ಸಂಗ್ರಹವಾದ ಜೆನ್‌ಬ್ಯಾಂಕ್ ಇದಕ್ಕಿಂತ ಒರಟು, ಆದರೆ ಕಟ್ಟುನಿಟ್ಟು. ಜೆನೆಟಿಕ್ ಕೋಡ್ 5, ಅಂದರೆ ಅಕಶೇರುಕಗಳ ಮೈಟೋಕಾಂಡ್ರಿಯಾದ್ದು ಎಂದು ಆರಿಸಬೇಕು. ತಪ್ಪಾದರೆ ನಡುನಡುವೆ ಜೀನು ಮುಗಿಯಿತೆಂದು ಹೇಳುವ ಸ್ಟಾಪ್ ಕೋಡಾನ್ ಬಂದು ಅರ್ಜಿ ವಾಪಸ್. ಕೋಡ್ ಸರಿಯಿದ್ದೂ ಸ್ಟಾಪ್ ಬಂದರೆ ನಿಮ್ಮ ತುಣುಕೇ ಮೈಟೋಕಾಂಡ್ರಿಯಾದ್ದಲ್ಲದಿರಬಹುದು. ಹೋಲಿಸಿದಾಗ ಬ್ಯಾಕ್ಟೀರಿಯಾ ಎಂದು ತೋರಿಸಿದರೆ ಕೀಟದೊಳಗಿನ ವೊಲ್ಬಾಕಿಯಾದ ಜೀನು ಎದ್ದುಬಂದಿದೆ ಎಂದರ್ಥ, ಪ್ರೈಮರ್ (ಬೇಕಾದ ಜೀನನ್ನು ಹಿಡಿಯಲು ಬಳಸುವ ಚಿಕ್ಕ ಡಿಎನ್‌ಎ ತುಣುಕು) ಬದಲಿಸಿ. ಹೆಸರು ಪ್ರಕಟವಾಗುವ ತನಕ ಎರಡೂ ಕಡೆ ಕುಲದ ಹೆಸರು ಮತ್ತು ಮಾದರಿ ಸಂಖ್ಯೆ ಅಷ್ಟೇ ಕೊಡಿ, ಬಿಡುಗಡೆಯ ದಿನವನ್ನು ಮುಂದಕ್ಕೆ ಹಾಕಿ. ಬಾರ್‌ಕೋಡ್ ಇಲ್ಲದೆಯೂ ಪ್ರಭೇದಕ್ಕೆ ಹೆಸರಿಡಬಹುದು, ಸಂಹಿತೆ ಡಿಎನ್‌ಎಯನ್ನು ಕೇಳುವುದಿಲ್ಲ. ಹೆಣ್ಣನ್ನೂ ಮರಿಹುಳುವನ್ನೂ ಗಂಡಿಗೆ ಜೋಡಿಸಲು ಮಾತ್ರ ಅದರಂಥ ನೆರವು ಇನ್ನೊಂದಿಲ್ಲ.

ಕೊನೆಯ ಕೆಲಸ ಕರಡಚ್ಚಿನಲ್ಲಿ. ಝೂಬ್ಯಾಂಕ್‌ನ ಸಂಖ್ಯೆಯ ಬಾಲದಲ್ಲಿ 32 ಅಂಕಿ ಅಕ್ಷರಗಳಿರುತ್ತವೆ. 8, 4, 4, 4, 12 ಎಂದು ಗುಂಪಾಗಿ, ನಡುವೆ ನಾಲ್ಕು ಅಡ್ಡಗೆರೆ, ಒಟ್ಟು 36. ಬರುವುದು 0ಯಿಂದ 9, ಎ ಇಂದ ಎಫ್ ಮಾತ್ರ. ‘ಓ’ ಎಂಬ ಅಕ್ಷರ ಅದರಲ್ಲಿ ಇರುವುದೇ ಇಲ್ಲ, ಹಾಗೆ ಕಂಡದ್ದು ಸೊನ್ನೆ. ‘ಐ’ ಕಂಡರೆ ಅದು ಒಂದು. ಕೈಯಿಂದ ಟೈಪ್ ಮಾಡುವವರು ಇವೆರಡರಲ್ಲೇ ತಪ್ಪುತ್ತಾರೆ. ಸಾಲಿನ ಕೊನೆಗೆ ಸಂಖ್ಯೆ ಮುರಿದಾಗ ಪುಟ ಜೋಡಿಸುವ ತಂತ್ರಾಂಶ ತನ್ನದೊಂದು ಅಡ್ಡಗೆರೆ ಸೇರಿಸುತ್ತದೆ, ಆಗ 36 ಹೋಗಿ 37 ಆಗುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ. ಆದ್ದರಿಂದ ಪಿಡಿಎಫ್‌ನಿಂದಲೇ ಸಂಖ್ಯೆಯನ್ನು ನಕಲು ಮಾಡಿ ಬ್ರೌಸರ್‌ಗೆ ಅಂಟಿಸಿ ನೋಡಿ. ನಿಮ್ಮ ಲೇಖನದ ಪುಟ ತೆರೆದುಕೊಂಡರೆ ಕರಡಿಗೆ ಒಪ್ಪಿಗೆ ಕೊಡಿ. ಪ್ರಕಟವಾದ ದಿನ ಅದೇ ಪುಟಕ್ಕೆ ಮರಳಿ ಹೋಗಿ ದಿನಾಂಕ, ಸಂಪುಟ, ಪುಟಸಂಖ್ಯೆ ತುಂಬಿ.